ಸಂಧಿಯಲ್ಲಿ ಸೇರಿದ ದೋಷ

ಪದದ ನಡುವೆ ಒಂದು ಮೊಳೆಯು ತಪ್ಪಿ ಬಿದ್ದರೆ ವಾಚಕರು ತಾವೇ ತಿದ್ದಿಕೊಂಡು ಮುಂದುವರಿಯುವರು. ಎರಡು ಪದಗಳು ಕೂಡುವ ಸಂಧಿಸ್ಥಾನದಲ್ಲಿಯೇ ಅಕ್ಷರವು ತಪ್ಪಿತೆಂದರೆ ಪದವಿಭಾಗವೇ ಕೆಟ್ಟು ಅರ್ಥವು ಬೇರೆಯಾಗುವುದು. ಜೀವಿಗಳ ಆನುವಂಶಿಕ ಲಿಪಿಯಾದ ಡಿ.ಎನ್.ಎ. ಅಣುವಿನಲ್ಲಿಯೂ ಇದೇ ನ್ಯಾಯವು ನಡೆಯುತ್ತಿರುವುದೆಂದು ವಿಜ್ಞಾನಿಗಳ ಪರಿಶ್ರಮದಿಂದ ತಿಳಿದುಬಂದಿದೆ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮಹಾಶಯರು ತೋರಿಸಿಕೊಟ್ಟಂತೆ ಈ ಅಣುವು ಎರಡೆಳೆಯ ಹುರಿಯಾಗಿರುವುದು. ಒಂದೆಳೆಯ ಅಡಿನೈನಿಗೆ ಇನ್ನೊಂದರ ಥೈಮೀನೂ, ಗ್ವಾನೈನಿಗೆ ಸೈಟೋಸೀನೂ ಜೊತೆ. ಮಾತಾಪಿತೃಗಳಿಂದ ಬಂದ ಎರಡು ಹುರಿಗಳು ತಮ್ಮ ಎಳೆಗಳನ್ನು ವಿನಿಮಯ ಮಾಡಿಕೊಳ್ಳುವಾಗ ನಾಲ್ಕು ಕವಲುಗಳ ಸಂಧಿಯೊಂದು ಏರ್ಪಡುವುದೆಂದು ರಾಬಿನ್ ಹಾಲಿಡೇ ಅವರು 1964ರಲ್ಲಿ ಪ್ರತಿಪಾದಿಸಿದರು. ಎರಡರ ಲಿಪಿಯಲ್ಲಿ ಅಲ್ಪಸ್ವಲ್ಪ ಭೇದವಿರುವುದರಿಂದ, ಎಳೆ ಬದಲಾದೆಡೆಯಲ್ಲಿ ಜೊತೆಯಲ್ಲದ ಅಕ್ಷರಗಳು ಎದುರುಬದುರಾಗುವುದೂ ಉಂಟು. ಇವೇ ವಿಷಮ ಜೋಡಿಗಳು.

ಸಂಧಿಯ ಆಕಾರವಾದರೂ ಎಂತಹದು? ಎಳೆಗಳ ಮೇಲಿನ ಋಣವಿದ್ಯುತ್ತು ಪರಸ್ಪರ ದೂಡುವುದರಿಂದ ನಾಲ್ಕು ಕವಲುಗಳೂ ಚೌಕದ ಮೂಲೆಗಳತ್ತ ಚಾಚಿಕೊಳ್ಳುವುವು. ಮೆಗ್ನೀಸಿಯಂ ಅಯಾನುಗಳು ದೊರೆತರೆ ಆ ವಿರೋಧವು ಶಮನವಾಗಿ, ಕವಲುಗಳು ಎರಡೆರಡಾಗಿ ಒಂದರ ಮೇಲೊಂದು ಕುಳಿತು, ಸುಮಾರು 60 ಡಿಗ್ರಿಗಳ ಕೋನದಲ್ಲಿ ಕತ್ತರಿಯಂತೆ ಅಡ್ಡಹಾಯುವುವು.

ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಡೇವಿಡ್ ಲಿಲಿ ಅವರೂ ಅವರ ಸಂಗಡಿಗರೂ 1990ರ ದಶಕದ ಆದಿಯಲ್ಲಿ ಕೂಡುಬಿಂದುವಿನಲ್ಲಿಯೇ ವಿಷಮ ಜೋಡಿಗಳನ್ನಿಟ್ಟು ಪರೀಕ್ಷಿಸಿದರು. ಕೆಲವು ಜೋಡಿಗಳಿಂದ ಹೆಚ್ಚಿನ ಬಾಧೆಯಾಗಲಿಲ್ಲ; ಕೆಲವು ಇದ್ದಾಗ ಸಂಧಿಯು ಮಡಚಿಕೊಳ್ಳಲು ಅಯಾನುಗಳ ಪ್ರಮಾಣವನ್ನು ಏರಿಸಬೇಕಾಯಿತು; ಇನ್ನು ಕೆಲವು ಮಡಚಿಕೊಳ್ಳುವುದನ್ನೇ ತಡೆದವು. ಮೂರು ಕವಲಿನ ಸಂಧಿಯಲ್ಲಿ ವಿಪರೀತವೇ ಕಾಣುವುದು: ಸರ್ವವೂ ಜೊತೆಗೂಡಿದಾಗ ಬಿಡಿಯಾಗಿ ನಿಲ್ಲುವ ಕವಲುಗಳು, ಒಂಟಿ ಅಕ್ಷರಗಳೆರಡು ನಡುವೆ ಸೇರಿದರೆ ಮಡಚಿಕೊಳ್ಳಬಲ್ಲವು. ದೋಷವು ಯಾವುದು, ಎಲ್ಲಿದೆ ಎಂಬುದನ್ನು ನೋಡಿಯೇ ಅದರ ಫಲವನ್ನು ಹೇಳಬೇಕಲ್ಲದೆ, ದೋಷವೆಂದ ಮಾತ್ರಕ್ಕೆ ಒಂದೇ ಫಲವೆನ್ನಲಾಗದು.

ಇದು ಕೇವಲ ಪಂಡಿತರ ವಿನೋದವೆಂದು ವಾಚಕರು ಭಾವಿಸಕೂಡದು. ಸಂಧಿಯನ್ನು ಕತ್ತರಿಸಿ ಹುರಿಗಳನ್ನು ಬಿಡಿಸುವ ಕಿಣ್ವಗಳು ಅದರ ಆಕಾರವನ್ನು ಕಂಡೇ ಕೆಲಸಕ್ಕೆ ತೊಡಗುತ್ತವೆ. ವಿಷಮ ಜೋಡಿಗಳನ್ನು ತಿದ್ದುವ ಕಿಣ್ವಗಳು ಬೇರೆ ಇವೆ. ಆ ಕಾರ್ಯಕ್ರಮವನ್ನು ವಿಶದಪಡಿಸಿದ ಪಾಲ್ ಮೋಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು. ತಿದ್ದುವ ಈ ಶಕ್ತಿಯು ವಂಶಪರಂಪರೆಯಿಂದ ಕುಂದಿರುವ ಮನೆತನಗಳಲ್ಲಿ ಕರುಳಿನ ಕ್ಯಾನ್ಸರ್ ರೋಗವು ನಡುಹರೆಯಕ್ಕೂ ಮುಂಚೆಯೇ ತಲೆದೋರಬಹುದು. ಸಕಾಲದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಎಷ್ಟೋ ಜೀವಗಳು ಉಳಿಯುವುವು. ಇಂತಹ ಸಂಗತಿಗಳನ್ನು ಜನರಿಗೆ ಅವರ ನುಡಿಯಲ್ಲಿಯೇ ತಿಳಿಯಹೇಳುವುದು ವೈದ್ಯರ, ಅಧಿಕಾರಿಗಳ ಮತ್ತು ನಮ್ಮಂಥ ಪತ್ರಕರ್ತರ ಕರ್ತವ್ಯವಲ್ಲವೆ?