ಕೇಸರಿ ಹಾಲು ಕುಡಿದರೆ ಮಗು ಕೆಂಪಗಾಗುತ್ತದೆಯೇ?

"ಬಸುರಿ ಹೆಂಗಸು ದಿನಾ ರಾತ್ರಿ ಕೇಸರಿ ಹಾಲು ಕುಡಿದರೆ ಮಗು ಕೆಂಪಗೆ ಹುಟ್ಟುತ್ತದೆ." ಈ ಮಾತು ಕೇಳದ ಗೃಹಿಣಿ ನಮ್ಮ ಹುಣಸೂರಿನ ಕಡೆ ಒಬ್ಬಳೂ ಇರಲಾರಳು. ನೀವೂ ಕೇಳಿರುತ್ತೀರಿ, ನಾಲ್ಕು ಜನಕ್ಕೆ ಹೇಳಿಯೂ ಇರುತ್ತೀರಿ. ನಾನೂ ಹೇಳಿದವಳೇ.

ಹೋದ ವರ್ಷ ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಬೀಗಿತ್ತಿಯವರು ಪ್ರೀತಿಯಿಂದ ಒಂದು ಪುಟ್ಟ ಡಬ್ಬಿ ಕೇಸರಿ ಕೊಟ್ಟು ಕಳಿಸಿದ್ದರು. ಮಗಳಿಗೆ ರಕ್ತ ಕಡಿಮೆ ಇತ್ತು, ಹಿಮೋಗ್ಲೋಬಿನ್ ಬರೀ 9. ಬಸುರಿಯರಿಗೆ ಅದು 11ಕ್ಕಿಂತ ಕೆಳಗಿರಬಾರದು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಎರಡೂ ಒಟ್ಟಿಗೇ ಹೊಟ್ಟೆ ಸೇರಲಿ ಅಂತ ನಾನು ಆ ಮಾತ್ರೆಯನ್ನು ಕೇಸರಿ ಹಾಲಿನಲ್ಲೇ ನುಂಗಿಸುತ್ತಿದ್ದೆ. ತಿಂಗಳಾದ ಮೇಲೆ ನೋಡಿದರೆ ರಕ್ತ ಏರಿಯೇ ಇಲ್ಲ!

ಮೈಸೂರಿನಲ್ಲಿ ಫಾರ್ಮಸಿ ಓದುವ ನಮ್ಮಕ್ಕನ ಮಗಳು ಆಗ ಮನೆಗೆ ಬಂದಿದ್ದಳು. "ಅಯ್ಯೋ ಚಿಕ್ಕಮ್ಮ, ಕಬ್ಬಿಣದ ಮಾತ್ರೆ ಹಾಲಿನ ಜೊತೆ ಕೊಡ್ತಾರಾ? ಹಾಲಿನಲ್ಲಿರೋ ಸುಣ್ಣದಂಶ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ" ಅಂದಳು. ನನ್ನ ಎದೆ ಧಸಕ್ಕೆಂದಿತು. ಅವತ್ತು ಅವಳನ್ನು ಕೂರಿಸಿಕೊಂಡು ಕೇಸರಿಯ ಬಗ್ಗೆ ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಹೊಗೆಸೊಪ್ಪು, ರಾಗಿ ಬೆಳೆಯುವ ನಮ್ಮ ಹೊಲಗಳದ್ದಲ್ಲ ಈ ಕೇಸರಿ. ಕಾಶ್ಮೀರದ ಪಾಂಪೋರ್ ಇದಕ್ಕೆ ಹೆಸರುವಾಸಿ. ಕಾಶ್ಮೀರಿ ಕೇಸರಿಗೆ 2020ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಒಂದು ಹೂವಿನಲ್ಲಿ ಸಿಗುವುದು ಮೂರೇ ಎಳೆ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಎಲ್ಲವನ್ನೂ ಕೈಯಲ್ಲೇ ಬಿಡಿಸಬೇಕು. ಬೆಲೆ ಯಾಕೆ ಅಷ್ಟು ಅಂತ ಈಗ ತಿಳಿಯಿತಲ್ಲ?

ಆ ಎಳೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಬಣ್ಣ ಕೊಡುವುದು ಕ್ರೋಸಿನ್. ಇದು ಕ್ಯಾರೆಟ್ಟಿನ ಬಣ್ಣದ ಬಳಗವೇ. ಆದರೆ ಸಕ್ಕರೆಯ ಅಂಶ ಕೂಡಿಕೊಂಡಿರುವುದರಿಂದ ನೀರಿನಲ್ಲಿ, ಹಾಲಿನಲ್ಲಿ ಸಲೀಸಾಗಿ ಕರಗುತ್ತದೆ. ಕಹಿ ರುಚಿ ಪಿಕ್ರೋಕ್ರೋಸಿನ್‌ನದು. ಎಳೆ ಒಣಗುವಾಗ ಈ ಕಹಿಯಿಂದಲೇ ಸಫ್ರನಾಲ್ ಎಂಬ ಸುವಾಸನೆಯ ವಸ್ತು ಹುಟ್ಟುತ್ತದೆ. ಅದು ಬೇಗ ಆರಿಹೋಗುವಂಥದ್ದು. ಆದ್ದರಿಂದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಬೆಳಕು ತಾಗದಿರಲಿ.

ಔಷಧಿಯ ಗುಣ ಇಲ್ಲವೇ ಅಂದಿರಾ? ಇರಬಹುದು. ಮನಸ್ಸು ಕುಗ್ಗಿದವರಿಗೆ ದಿನಕ್ಕೆ 30 ಮಿಲಿಗ್ರಾಂನಂತೆ ಕೊಟ್ಟು, ಹೆಚ್ಚಾಗಿ ಇರಾನ್ ದೇಶದಲ್ಲಿ, ಪರೀಕ್ಷೆ ಮಾಡಿದ್ದಾರೆ. ಸೌಮ್ಯವಾದ ಖಿನ್ನತೆಯಲ್ಲಿ ಒಳ್ಳೆಯದಾದದ್ದು ಕಂಡಿದೆ. ಆದರೆ ಅವೆಲ್ಲ ಕೆಲವೇ ಜನರ ಮೇಲೆ ಮಾಡಿದ ಸಣ್ಣ ಪರೀಕ್ಷೆಗಳು. ಇದನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬಾರದು. ಜಾಸ್ತಿಯಾದರೆ ಕೇಸರಿಯೂ ಕೆಟ್ಟದ್ದೇ. 5 ಗ್ರಾಂ ಮೀರಿದರೆ ವಿಷವಾಗಬಹುದು. ಬಸುರಿಯರಿಗಂತೂ ಹೆಚ್ಚು ಕೊಡಲೇಬಾರದು, ಗರ್ಭಕೋಶವನ್ನು ಕೆರಳಿಸೀತು. ಹಾಲಿಗೆ ಎರಡು ಮೂರು ಎಳೆ ಸಾಕು, ಅದನ್ನೂ ಡಾಕ್ಟರನ್ನು ಕೇಳಿಯೇ ಕೊಡಿ.

ಇನ್ನು ಮಗುವಿನ ಬಣ್ಣ. ಅದು ತಂದೆ ತಾಯಿಯರ ವಂಶದಿಂದ ಬರುವಂಥದ್ದು. ಹಾಲಿನ ಬಣ್ಣ ಮಗುವಿನ ಮೈಗೆ ಇಳಿಯುವುದಿಲ್ಲ. ಹಾಗೆ ಇಳಿಯುವುದಾದರೆ ಬೀಟ್‌ರೂಟ್ ಪಲ್ಯ ತಿಂದವರ ಮಕ್ಕಳ ಗತಿ ಏನು, ನೀವೇ ಹೇಳಿ!

ಅಸಲಿಯೋ ನಕಲಿಯೋ?

ನಮ್ಮ ಉತ್ತರ ಕರ್ನಾಟಕದಲ್ಲಿ ಬೆಳೆಯುವ ಕುಸುಬೆಯ ಹೂವಿನ ಎಸಳನ್ನೇ ಕೇಸರಿ ಅಂತ ಮಾರುವವರಿದ್ದಾರೆ. ಜೋಳದ ತೆನೆಯ ಕೂದಲಿಗೆ ಬಣ್ಣ ಹಾಕಿ ಮಾರುವುದೂ ಉಂಟು. ಬಟ್ಟಲು ನೀರಿಗೆ ನಾಲ್ಕು ಎಳೆ ಹಾಕಿ ನೋಡಿ. ಅಸಲಿಯಾದರೆ ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ಹೊನ್ನಿನ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಹಾಕಿದೊಡನೆ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ ಮೋಸ. ಎಳೆಯ ಒಂದು ತುದಿ ತುತ್ತೂರಿಯಂತೆ ಅಗಲವಾಗಿರಬೇಕು. ವಾಸನೆ ಸಿಹಿ, ನಾಲಿಗೆಗೆ ಮಾತ್ರ ಕಹಿ.

ಬಳಸುವ ಬಗೆ

ಎಳೆಗಳನ್ನು ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ಕಾಲು ಗಂಟೆ ನೆನೆಸಿ, ಪಾಯಸವೋ ಕೇಸರಿಬಾತೋ ಇಳಿಸುವ ಹೊತ್ತಿಗೆ ಬೆರೆಸಿ. ತುಂಬ ಕುದಿಸಿದರೆ ಘಮ ಹೋಗುತ್ತದೆ.

ಆಮೇಲೆ ನಾನು ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದಲ್ಲಿ ಕೊಟ್ಟೆ. ಹಾಲು, ಕಾಫಿ ಎಲ್ಲ ಎರಡು ಗಂಟೆ ಬಿಟ್ಟು. ಹೆರಿಗೆಯ ಹೊತ್ತಿಗೆ ರಕ್ತ 11 ದಾಟಿತ್ತು. ಮೊಮ್ಮಗಳು ಥೇಟ್ ನಮ್ಮತ್ತೆಯವರ ಹಾಗೆ ಎಣ್ಣೆಗಪ್ಪು, ಲಕ್ಷಣವಾಗಿದ್ದಾಳೆ. ನೋಡಲು ಬಂದ ಬೀಗಿತ್ತಿಯವರು, "ಕೇಸರಿ ಕೊಡಲಿಲ್ಲವೇನ್ರೀ?" ಅಂದರು. "ಕೊಟ್ಟೆ ಕಣ್ರೀ, ನಾಮಕರಣದ ಪಾಯಸಕ್ಕೂ ಒಂದಿಷ್ಟು ಉಳಿಸಿದ್ದೀನಿ" ಅಂದೆ. ಅವರೂ ನಕ್ಕು ಮಗುವನ್ನು ಎತ್ತಿಕೊಂಡರು.