ನನ್ನ ಲೆಡ್ಜರಿನಲ್ಲಿ ಸುಕ್ರಜ್ಜಿ

ಪ್ರತಿವರ್ಷ ಜನವರಿ 25ರ ರಾತ್ರಿ ನಮ್ಮ ಮನೆಯಲ್ಲಿ ಊಟ ತಡ. ಗಣರಾಜ್ಯೋತ್ಸವದ ಮುನ್ನಾದಿನವಾದ ಅಂದು ಪದ್ಮ ಪ್ರಶಸ್ತಿಗಳ ಪಟ್ಟಿ ಬರುತ್ತದೆ. ಕೋಡಿಬಾಗದಲ್ಲಿ ಕಾಳಿ ನದಿಯ ಕಡೆಯಿಂದ ಒಳ್ಳೆಯ ಗಾಳಿ ಬೀಸುತ್ತಿದ್ದರೂ ನಾನು ಜಗಲಿಗೆ ಹೋಗುವುದಿಲ್ಲ. ಒಂದು ಹಳೆಯ ಲೆಡ್ಜರ್ ತೆರೆದುಕೊಂಡು ಟೀವಿಯ ಮುಂದೆ ಕೂತಿರುತ್ತೇನೆ.

ಬ್ಯಾಂಕಿನಲ್ಲಿ 38 ವರ್ಷ ಗುಮಾಸ್ತನಾಗಿದ್ದವನು ನಾನು. ಕೈ ಸುಮ್ಮನಿರದು. ಈ ಲೆಡ್ಜರಿನ ಎಡಪುಟಕ್ಕೆ 'ಜಮಾ' ಎಂದು ಹೆಸರಿಟ್ಟಿದ್ದೇನೆ; ಅಲ್ಲಿ ಪ್ರಶಸ್ತಿ ಬಂದ ಸಂಗೀತಗಾರರು. ಬಲಪುಟ 'ಬಾಕಿ'; ಬರಬೇಕಿತ್ತು, ಇನ್ನೂ ಬಂದಿಲ್ಲ ಎಂದು ನನಗೆ ತೋರಿದವರು. ಪಕ್ಕದಲ್ಲಿ ಷರಾ ಬರೆಯಲು ಸ್ವಲ್ಪ ಜಾಗ. ನನ್ನ ಖುಷಿ, ಸಿಟ್ಟು ಎಲ್ಲ ಅಲ್ಲಿ.

ಮಲ್ಲಿಕಾರ್ಜುನ ಮನ್ಸೂರರ ಖಾತೆ ನೋಡಿ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅದೇ 1992ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 'ಬಹಳ ತಡ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಗಂಗೂಬಾಯಿ ಹಾನಗಲ್ಲರಿಗೆ 1971ರಲ್ಲಿ ಪದ್ಮಭೂಷಣ ಬಂತು, ಪದ್ಮವಿಭೂಷಣ ಬರಲು 2002 ಆಗಬೇಕಾಯಿತು. ನಡುವೆ 31 ವರ್ಷ. ಅಲ್ಲಿಯೂ ಕೆಂಪು ಶಾಯಿ.

2008ರ ನವೆಂಬರಿನಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ಎಂಬ ಸುದ್ದಿ ಬಂದಾಗ ನಾನಿನ್ನೂ ನೌಕರಿಯಲ್ಲಿದ್ದೆ. ಗುರುವನ್ನು ಹುಡುಕಿಕೊಂಡು 11ನೇ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದ ಗದಗ ಸೀಮೆಯ ಹುಡುಗನಿಗೆ ದೇಶದ ದೊಡ್ಡ ಮರ್ಯಾದೆ! ಇಡೀ ಶಾಖೆಗೆ ಧಾರವಾಡ ಪೇಡೆ ಹಂಚಿದೆ. ಮ್ಯಾನೇಜರು, "ನಿಮ್ಮ ಸಂಬಂಧಿಕರೋ?" ಎಂದು ಕೇಳಿದರು. "ಹೌದು, ರೇಡಿಯೋ ಕಡೆಯಿಂದ" ಎಂದೆ.

ಅಮೆರಿಕದ ಗ್ರ್ಯಾಮಿಗೂ ನನ್ನಲ್ಲಿ ಒಂದು ಪುಟ ಉಂಟು. 1994ರಲ್ಲಿ ಮೋಹನವೀಣೆಯ ವಿಶ್ವಮೋಹನ ಭಟ್ಟರಿಗೆ, 2015ರಲ್ಲಿ ನಮ್ಮ ಬೆಂಗಳೂರಿನ ರಿಕಿ ಕೇಜ್ ಅವರಿಗೆ ಅದು ಬಂತು. ರಿಕಿ ಕೇಜ್ ಅವರ ಸಂಗೀತ ನನ್ನ ಹಳೆಯ ಕಿವಿಗೆ ಅಷ್ಟಾಗಿ ಹತ್ತಲಿಲ್ಲ. ಆದರೂ ನಮ್ಮವರ ಜಮಾ ಜಮಾನೇ ಅಲ್ಲವೇ?

ಈಗ 2017ರ ಪುಟಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ಕೂತಿದ್ದೇ ಆ ಪುಟದ ಸಲುವಾಗಿ.

ಅಂದು ರಾತ್ರಿ ಹೆಸರುಗಳು ಒಂದೊಂದಾಗಿ ಬಂದವು. ಯೇಸುದಾಸರಿಗೆ ಪದ್ಮವಿಭೂಷಣ. ಸಂತೋಷ, ಬರೆದುಕೊಂಡೆ. ಗ್ರ್ಯಾಮಿಯ ವಿಶ್ವಮೋಹನ ಭಟ್ಟರಿಗೆ ಪದ್ಮಭೂಷಣ. ಬರೆದೆ. ಪದ್ಮಶ್ರೀ ಪಟ್ಟಿಯಲ್ಲಿ ಅನುರಾಧಾ ಪೌಡ್ವಾಲ್, ಕೈಲಾಶ್ ಖೇರ್. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರು: ಸುಕ್ರಿ ಬೊಮ್ಮಗೌಡ, ಜಾನಪದ ಗಾಯನ, ಕರ್ನಾಟಕ.

ಆಗ ಎರಡನೇ ತರಗತಿಯಲ್ಲಿದ್ದ ಮೊಮ್ಮಗಳು ಕುಣಿದಾಡಿದಳು. "ಅಜ್ಜಾ, ಅಂಕೋಲಾದವರಂತೆ! ಇವರ ಹಾಡು ಹಾಕು!"

ನನ್ನ ಕಪಾಟಿನ ತುಂಬ ಕ್ಯಾಸೆಟ್ಟು, ಸೀಡಿ. ಪುಣೆಯವರು, ಕೋಲ್ಕತ್ತದವರು, ಲಾಹೋರದವರು ಕೂಡ ಇದ್ದರು. ಮೂವತ್ತೈದು ಕಿಲೋಮೀಟರ್ ಆಚೆಯ ಅಂಕೋಲಾ ತಾಲ್ಲೂಕಿನ ಬಡಗೇರಿಯ ಅಜ್ಜಿಯ ಒಂದು ಹಾಡೂ ಇರಲಿಲ್ಲ. ಬಲಪುಟ ತಿರುವಿದೆ. 'ಬಾಕಿ'ಯಲ್ಲೂ ಆ ಹೆಸರಿಲ್ಲ.

ಅಂದು ನಿದ್ದೆ ಬರಲಿಲ್ಲ. ಕಾರಣ ಇನ್ನೊಂದಿತ್ತು.

ಹಿಂದೆ ಕೆಲವು ವರ್ಷ ನಾನು ಅಂಕೋಲಾ ಕಡೆಯ ಶಾಖೆಯೊಂದರಲ್ಲಿದ್ದೆ. ಹಾಲಕ್ಕಿ ಒಕ್ಕಲಿಗ ಹೆಂಗಸರು ತರಕಾರಿ ಮಾರಿ, ಬುಟ್ಟಿ ಖಾಲಿ ಮಾಡಿಕೊಂಡು ಬರುತ್ತಿದ್ದರು. ಕೊರಳ ತುಂಬ ಮಣಿಸರ. ಅವರಲ್ಲಿ ಹುಟ್ಟಿದ ವಾರದ ಹೆಸರಿಡುವ ರೂಢಿ. ಸೋಮಿ, ಮಂಗಳಿ, ಸುಕ್ರಿ. ಸುಕ್ರಿ ಎಂಬ ಹೆಸರಿನ ಖಾತೆ ನಮ್ಮಲ್ಲಿ ಒಂದಲ್ಲ, ಹಲವು. ಒಂದು ಮಧ್ಯಾಹ್ನ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮೂವರು ನಾಲ್ವರು ಮೆಲ್ಲಗೆ ಹಾಡಿಕೊಳ್ಳತೊಡಗಿದರು. ಒಬ್ಬಳು ಎತ್ತಿಕೊಟ್ಟಳು, ಉಳಿದವರು ಹಿಡಿದರು. ನಾನು ನೋಟು ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು. ರಬ್ಬರ್ ಸ್ಟ್ಯಾಂಪನ್ನು ಮೇಜಿಗೆ ಕುಟ್ಟಿ, "ಹಾಡುವುದಿದ್ದರೆ ಹೊರಗೆ!" ಎಂದು ಗದರಿದೆ.

ಹಾಡು ನಿಂತಿತು. ಯಾರೂ ತಿರುಗಿ ಮಾತಾಡಲಿಲ್ಲ. ಸರದಿ ಬಂದಾಗ ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿ ಹೋದರು. ಅದೇ ಸಂಜೆ ನಾನು ಮನೆಗೆ ಓಡಿದ್ದು ರೇಡಿಯೋದಲ್ಲಿ ಸಂಗೀತ ಕೇಳಲು!

ಅವರಲ್ಲಿ ಸುಕ್ರಜ್ಜಿ ಇದ್ದರೇ? ಹೇಳಲಾರೆ. ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಹೆಬ್ಬೆಟ್ಟು ಸರಿಯಾಗಿ ಬಿದ್ದಿದೆಯೇ ಎಂದಷ್ಟೇ ನೋಡಿದ್ದೆ.

ಪ್ರಶಸ್ತಿಯ ನಂತರ ಸುಕ್ರಜ್ಜಿಯ ಹಾಡುಗಳನ್ನು ಹುಡುಕಿ ಕೇಳಿದೆ. ಖರೆ ಹೇಳುತ್ತೇನೆ, ಮೊದಲ ದಿನ ಬೇಸರವಾಯಿತು. ತಂಬೂರಿ ಇಲ್ಲ, ತಬಲಾ ಇಲ್ಲ, ಆಲಾಪ ಇಲ್ಲ. ಒಂದೇ ಧಾಟಿ ತಿರುಗಿ ತಿರುಗಿ ಬರುತ್ತದೆ. ನಾಲ್ಕನೆಯ ದಿನವೋ ಐದನೆಯ ದಿನವೋ, ಹೆಂಡತಿ ಹಿಂದಿನಿಂದ, "ಎಂತ, ಕಾಲಲ್ಲಿ ತಾಳ ಹಾಕ್ತಾ ಇದ್ದೀರಿ?" ಎಂದಳು. ಹೌದು, ಹಾಕುತ್ತಿದ್ದೆ. ಧಾಟಿ ನಿಂತಲ್ಲೇ ನಿಂತಿರುತ್ತದೆ, ಕತೆ ಮುಂದೆ ಹೋಗುತ್ತದೆ. ನಾಟಿ ಮಾಡುವ ಕೈ, ಬೀಸುವ ಕೈ ಒಂದೇ ಗತಿಯಲ್ಲಿ ನಡೆಯಬೇಕಾದರೆ ಹಾಡೂ ಹಾಗೆಯೇ ನಡೆಯಬೇಕಲ್ಲ!

ಮಕ್ಕಳೇ, ಇಲ್ಲೊಂದು ಲೆಕ್ಕ ನೋಡಿ. ಗ್ರ್ಯಾಮಿ ಕೊಡುವುದು ಮುದ್ರಣವಾದ ಒಂದು ಆಲ್ಬಮ್ಮಿಗೆ ಅಥವಾ ಹಾಡಿಗೆ. ಭೀಮಸೇನರಿಗೆ ಭಾರತರತ್ನ ಬಂದದ್ದು ಅವರ ಜೀವಮಾನದ ಗಾಯನಕ್ಕೆ. ಸುಕ್ರಜ್ಜಿ ಹಾಡಿದ ಹಾಡುಗಳಿಗೆ ಬರೆದವರ ಹೆಸರಿಲ್ಲ, ರಾಗ ಕೂಡಿಸಿದವರ ಹೆಸರಿಲ್ಲ. ಅವರು ಶಾಲೆಗೆ ಹೋದವರಲ್ಲ. ಕಿವಿಯಿಂದ ಕಲಿತ ಸಾವಿರಾರು ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು. ಊರ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದ್ದೂ ಇದೇ ಅಜ್ಜಿ. ಆ ಪದ್ಮಶ್ರೀ ಬಂದದ್ದು ಒಂದು ನೆನಪಿನ ಶಕ್ತಿಗೆ ಎಂದು ನನಗನಿಸುತ್ತದೆ. ನನ್ನಂಥವನಿಗೋ, ಕಾಗದದ ಮೇಲೆ ಇಲ್ಲದ್ದು ಇಲ್ಲವೇ ಇಲ್ಲ.

ಜಮಾ ಪುಟದಲ್ಲಿ ಅವರ ಹೆಸರು ಬರೆದು, ಷರಾದಲ್ಲಿ ಹಸಿರು ಶಾಯಿಯಿಂದ 'ತಪ್ಪು ನನ್ನದು' ಎಂದು ಬರೆದೆ.

2025ರ ಫೆಬ್ರವರಿ 13ರಂದು ಸುಕ್ರಜ್ಜಿ ತೀರಿಕೊಂಡರು. ಅವರ ಎಷ್ಟೋ ಹಾಡುಗಳು ಧ್ವನಿಮುದ್ರಣವಾಗಿ ಉಳಿದಿವೆ, ಪುಣ್ಯ. ಆದರೆ ಸುದ್ದಿ ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮಮ್ಮ. ಅವಳೂ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದಳು. ನಾನು ಹೊದಿಕೆಯೊಳಗಿನಿಂದ ದಿನಾ ಕೇಳುತ್ತಿದ್ದೆ. ಒಂದು ಸಾಲೂ ನೆನಪಿಲ್ಲ. ಒಂದನ್ನೂ ಬರೆದಿಟ್ಟಿಲ್ಲ.

ಗೊತ್ತಿರುವವಳು ಒಬ್ಬಳೇ: ಅವರ್ಸಾದಲ್ಲಿರುವ ನಮ್ಮ ಅಕ್ಕ. ಈಗ 82. ಇತ್ತೀಚೆಗೆ ಮರೆವು ಬೇರೆ. ಬೆಳಿಗ್ಗೆ ಗುಳಿಗೆ ತೆಗೆದುಕೊಂಡೆನೋ ಇಲ್ಲವೋ ಎಂದು ಮಧ್ಯಾಹ್ನ ಕೇಳುತ್ತಾಳೆ. ಮರುವಾರವೇ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. "ಅಮ್ಮನ ಹಾಡು ಹೇಳೇ ಅಕ್ಕಾ" ಎಂದೆ.

"ಎಂತಕ್ಕೆ ತಮ್ಮಾ? ನನಗೇನು ದಿಲ್ಲಿಯಿಂದ ಕರೆ ಬಂತನಾ?" ಎಂದು ನಕ್ಕಳು. ಮೊದಲು ಒಂದೂ ಬಾಯಿಗೆ ಬರಲಿಲ್ಲ. ಮೊಮ್ಮಗಳು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಬೀಸುವ ಕಲ್ಲು ತೋರಿಸಿ, "ಇದನ್ನು ಹೇಗೆ ತಿರುಗಿಸೋದು ಅಜ್ಜೀ?" ಎಂದು ಕೇಳಿದಳು. ಅಕ್ಕ ಕೂತು ಗೂಟಕ್ಕೆ ಕೈ ಹಾಕಿದಳು. ಕಲ್ಲು ಎರಡು ಸುತ್ತು ತಿರುಗುವುದರಲ್ಲಿ ಹಾಡು ತಾನಾಗಿ ಬಂತು.

ಇದುವರೆಗೆ 17 ಹಾಡುಗಳು ಮೊಮ್ಮಗಳ ಮೊಬೈಲಿನಲ್ಲಿವೆ, ನನ್ನ ಲೆಡ್ಜರಿನಲ್ಲೂ ಇವೆ. ಅವುಗಳಲ್ಲಿ ಐದು ಅರ್ಧಂಬರ್ಧ. ಅಕ್ಕ ಒಂದು ಸಾಲು ಹೇಳುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಮೂರನೆಯ ಸಾಲು ಹೇಳುತ್ತಾಳೆ. ನಡುವಿನದು ಏನೆಂದು ಕೇಳಿದರೆ, "ಅದು ಅಮ್ಮ ಹೇಳ್ತಿದ್ದದ್ದು. ಕಲ್ಲಿನ ಆಚೆ ಅವಳು, ಈಚೆ ನಾನು" ಎನ್ನುತ್ತಾಳೆ. ಆ ಸಾಲುಗಳಿಗೆ ಲೆಡ್ಜರಿನಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಬ್ಯಾಂಕಿನಲ್ಲಾದರೆ ಹೀಗೆ ಖಾಲಿ ಬಿಡುವಂತಿರಲಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಈ ಪುಟ ಮುಚ್ಚಿದ ಮೇಲೆ ಒಮ್ಮೆ ಅವರ ಹತ್ತಿರ ಹೋಗಿ ಕೂತು ನೋಡಿ. ಹಾಡು ಹೇಳೆಂದು ಕೇಳಿದರೆ ಬರಲಿಕ್ಕಿಲ್ಲ. ಕೈಗೆ ಒಂದು ಮೊರವನ್ನೋ ಒನಕೆಯನ್ನೋ ಕೊಟ್ಟರೆ ಬಂದೀತು. ಅಜ್ಜಂದಿರೇ, ನೀವು ಮಾತ್ರ ಮೇಜು ಕುಟ್ಟಬೇಡಿ.

ನಾವು ಈ ಭಾನುವಾರವೂ ಅವರ್ಸಾಕ್ಕೆ ಹೋಗುವುದಿದೆ. ಹದಿನೆಂಟನೆಯದು ತೊಟ್ಟಿಲ ಹಾಡಂತೆ. ಪೂರಾ ಬರುತ್ತದೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಾಳೆ.