ಲಿನಕ್ಸ್ ಗಣಕಯಂತ್ರದಲ್ಲಿ ಮೂರು ಆಯಾಮದ ದೃಶ್ಯ ಪರಿಣಾಮಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಲಿನಕ್ಸ್ ಗಣಕಯಂತ್ರದ ತೆರೆಯನ್ನು ಘನಾಕೃತಿಯಂತೆ ತಿರುಗಿಸುವುದು, ಎಳೆದ ಕಿಟಕಿಯು ಬಟ್ಟೆಯಂತೆ ಅಲುಗುವಂತೆ ಮಾಡುವುದು, ತೆರೆಯ ಯಾವುದೇ ಭಾಗವನ್ನು ಹಿಗ್ಗಿಸಿ ನೋಡುವುದು ಮುಂತಾದ ದೃಶ್ಯ ಪರಿಣಾಮಗಳನ್ನು ಯಾವುದೇ ಶುಲ್ಕವಿಲ್ಲದೆ ಬಳಸಬಹುದಾಗಿದೆ. ಆದರೆ ಯಂತ್ರದ ಸಾಮರ್ಥ್ಯವನ್ನು ಪರಿಶೀಲಿಸದೆ, ಮೊದಲಿನ ಸ್ಥಿತಿಗೆ ಮರಳುವ ವಿಧಾನವನ್ನು ತಿಳಿಯದೆ ದಿನನಿತ್ಯದ ಯಂತ್ರದಲ್ಲಿ ಇವುಗಳನ್ನು ಅಳವಡಿಸಿದಲ್ಲಿ ಕೆಲಸ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಆದ್ದರಿಂದ ಮೊದಲು ಪ್ರಯೋಗ, ನಂತರ ಅಳವಡಿಕೆ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಹಿನ್ನೆಲೆ

ಲಿನಕ್ಸ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಿಟಕಿಯೂ ನೇರವಾಗಿ ತೆರೆಯ ಮೇಲೆ ಚಿತ್ರಿತವಾಗುತ್ತಿತ್ತು. ಒಂದು ಕಿಟಕಿಯ ಮೇಲಿದ್ದ ಇನ್ನೊಂದನ್ನು ಸರಿಸಿದಾಗ, ಬಯಲಾದ ಭಾಗವನ್ನು ಆಯಾ ತಂತ್ರಾಂಶವು ಪುನಃ ಚಿತ್ರಿಸಬೇಕಾಗಿತ್ತು. 2004ರಲ್ಲಿ ಬಿಡುಗಡೆಯಾದ ಎಕ್ಸ್.ಆರ್ಗ್ 6.8ನೇ ಆವೃತ್ತಿಯಲ್ಲಿ ಕಾಂಪೋಸಿಟ್ ಎಂಬ ವಿಸ್ತರಣೆಯನ್ನು ಸೇರಿಸಲಾಯಿತು. ಇದರಿಂದ ಕಿಟಕಿಗಳನ್ನು ಮೊದಲು ಸ್ಮೃತಿಕೋಶದಲ್ಲಿ ಚಿತ್ರಿಸಿ, ನಂತರ ಒಟ್ಟುಗೂಡಿಸಿ ತೆರೆಗೆ ತರುವುದು ಸಾಧ್ಯವಾಯಿತು.

2006ರ ಆರಂಭದಲ್ಲಿ ನೋವೆಲ್ ಸಂಸ್ಥೆಯ ಡೇವಿಡ್ ರೆವೆಮನ್ ಅವರು ರೂಪಿಸಿದ ಕಾಂಪಿಜ್ ತಂತ್ರಾಂಶವು ಬಿಡುಗಡೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಬೆರಿಲ್ ಎಂಬ ಕವಲು ಅದರಿಂದ ಬೇರ್ಪಟ್ಟಿತು. 2007ರಲ್ಲಿ ಬೆರಿಲ್ ಬಳಗ ಹಾಗೂ ಕಾಂಪಿಜ್ ಬಳಕೆದಾರರ ಬಳಗಗಳು ಒಂದುಗೂಡಿ ಕಾಂಪಿಜ್ ಫ್ಯೂಷನ್ ರೂಪುಗೊಂಡಿತು. 2007ರ ಅಕ್ಟೋಬರ್‌ನ ಉಬುಂಟು 7.10ರಲ್ಲಿ, ಸಾಮರ್ಥ್ಯವುಳ್ಳ ಯಂತ್ರಗಳಿಗೆ ಕಾಂಪಿಜ್ ತಾನಾಗಿಯೇ ಚಾಲನೆಗೊಳ್ಳುವಂತೆ ಮಾಡಲಾಗಿತ್ತು.

2. ಕಾರ್ಯನಿರ್ವಹಿಸುವ ವಿಧಾನ

ಕಿಟಕಿಗಳ ಚಿತ್ರಗಳನ್ನು ಒಟ್ಟುಗೂಡಿಸುವ ತಂತ್ರಾಂಶಕ್ಕೆ ಕಾಂಪೋಸಿಟರ್ ಎಂದು ಹೆಸರು. ಇದು ಪ್ರತಿಯೊಂದು ಕಿಟಕಿಯನ್ನು ಒಂದು ಚಿತ್ರದ ಹಾಳೆ ಎಂದು ಪರಿಗಣಿಸಿ, ಅದನ್ನು ಓರೆಯಾಗಿಸುವ, ಬಾಗಿಸುವ ಅಥವಾ ಹಿಗ್ಗಿಸುವ ಕೆಲಸವನ್ನು ಗ್ರಾಫಿಕ್ಸ್ ಸಂಸ್ಕಾರಕಕ್ಕೆ ವಹಿಸುತ್ತದೆ.

ಈ ಸೌಲಭ್ಯಕ್ಕೆ ತಗಲುವ ವೆಚ್ಚ ಸ್ಮೃತಿಕೋಶದ್ದು. ಪ್ರತಿ ಚುಕ್ಕೆಗೆ 4 ಬೈಟ್‌ನಂತೆ ಲೆಕ್ಕ ಹಾಕಿದಲ್ಲಿ, 1024×768 ಚುಕ್ಕೆಗಳ ತೆರೆಯನ್ನು ತುಂಬುವ ಕಿಟಕಿಗೆ ಸುಮಾರು 3 ಮೆಗಾಬೈಟ್, 1920×1080 ಚುಕ್ಕೆಗಳ ಕಿಟಕಿಗೆ ಸುಮಾರು 8 ಮೆಗಾಬೈಟ್ ಬೇಕಾಗುತ್ತದೆ. ಅಂತಹ ಹತ್ತು ಕಿಟಕಿಗಳಿಗೆ ಸುಮಾರು 80 ಮೆಗಾಬೈಟ್. ಅಲ್ಲದೆ, ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವ ತೆರೆಯಲ್ಲಿ ಪ್ರತಿ ಚಿತ್ರವನ್ನು ಸೆಕೆಂಡಿನ ಅರವತ್ತನೇ ಒಂದು ಭಾಗದೊಳಗೆ ಸಿದ್ಧಪಡಿಸಬೇಕು. ಗ್ರಾಫಿಕ್ಸ್ ಸಂಸ್ಕಾರಕಕ್ಕೆ ಸರಿಯಾದ ಚಾಲಕ ತಂತ್ರಾಂಶ ಇಲ್ಲದಿದ್ದಲ್ಲಿ ಈ ಸಂಪೂರ್ಣ ಹೊರೆ ಮುಖ್ಯ ಸಂಸ್ಕಾರಕದ ಮೇಲೆ ಬಿದ್ದು ಯಂತ್ರವು ನಿಧಾನಗೊಳ್ಳುತ್ತದೆ.

3. ಲಭ್ಯವಿರುವ ಆಯ್ಕೆಗಳು

(ಅ) ಕೆಡಿಇ ಪ್ಲಾಸ್ಮಾ: ಹೊಸದಾಗಿ ಪ್ರಯತ್ನಿಸುವವರಿಗೆ ಇದು ಸುಲಭ ಮಾರ್ಗ. 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದ 6ನೇ ಆವೃತ್ತಿಯಲ್ಲಿ ಘನಾಕೃತಿ ಪರಿಣಾಮವನ್ನು ಮರಳಿ ಒದಗಿಸಲಾಗಿದೆ. ಸಿಸ್ಟಂ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಎಫೆಕ್ಟ್ಸ್ ಪುಟದಲ್ಲಿ ಬೇಕಾದ ಪರಿಣಾಮವನ್ನು ಗುರುತು ಮಾಡಬಹುದು. ಘನಾಕೃತಿಗಾಗಿ ವರ್ಚುವಲ್ ಡೆಸ್ಕ್‌ಟಾಪ್‌ಗಳ ಸಂಖ್ಯೆಯನ್ನು 4ಕ್ಕೆ ನಿಗದಿಪಡಿಸುವುದು.

(ಆ) ಕಾಂಪಿಜ್: ಇದು ಎಕ್ಸ್ ವ್ಯವಸ್ಥೆಯಲ್ಲಿ ಮಾತ್ರ ಕಾರ್ಯನಿರ್ವಹಿಸುತ್ತದೆ. ಇತ್ತೀಚಿನ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಕಾಂಪೋಸಿಟರ್ ತಾನೇ ತೆರೆಯ ನಿರ್ವಾಹಕವಾಗಿರುವುದರಿಂದ ಅದನ್ನು ನಡುವೆ ಬದಲಿಸಲಾಗದು. 2025ರ ಅಕ್ಟೋಬರ್‌ನ ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಅಧಿವೇಶನವನ್ನು ಕೈಬಿಡಲಾಗಿದೆ. ಆದಕಾರಣ ಹಳೆಯ ಕೈಪಿಡಿಗಳಲ್ಲಿರುವ ಕಾಂಪಿಜ್ ಸೂಚನೆಗಳನ್ನು ಅಲ್ಲಿ ಪಾಲಿಸಿದರೆ ಫಲ ದೊರೆಯುವುದಿಲ್ಲ. ಮಾಟೆಯಂತಹ, ಎಕ್ಸ್ ಆಧಾರಿತ ಡೆಸ್ಕ್‌ಟಾಪ್ ಬಳಸುವವರು ಇದನ್ನು ಪ್ರಯತ್ನಿಸಬಹುದು.

(ಇ) ವೇಫೈರ್: ಕಾಂಪಿಜ್‌ನಿಂದ ಪ್ರೇರಿತವಾದ ವೇಲ್ಯಾಂಡ್ ಕಾಂಪೋಸಿಟರ್. ಅನುಭವವುಳ್ಳವರಿಗೆ ಸೂಕ್ತ.

4. ಪ್ರಯೋಗಕ್ಕೆ ಅನುಸರಿಸಬೇಕಾದ ಕ್ರಮ

• ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ತೆಗೆದಿಟ್ಟುಕೊಳ್ಳತಕ್ಕದ್ದು.

• ಸಾಧ್ಯವಾದಲ್ಲಿ, ಯುಎಸ್‌ಬಿ ಪೆನ್‌ಡ್ರೈವ್‌ನಿಂದಲೇ ಚಾಲನೆಗೊಳ್ಳುವ ಲಿನಕ್ಸ್ ಆವೃತ್ತಿಯಲ್ಲಿ ಮೊದಲು ಪರೀಕ್ಷಿಸುವುದು. ಇದರಿಂದ ಹಾರ್ಡ್‌ಡಿಸ್ಕ್‌ನಲ್ಲಿರುವ ವ್ಯವಸ್ಥೆಯಲ್ಲಿ ಬದಲಾವಣೆಯಾಗುವುದಿಲ್ಲ.

• ಅಬೌಟ್ ದಿಸ್ ಸಿಸ್ಟಂ ಪುಟದಲ್ಲಿ ಗ್ರಾಫಿಕ್ಸ್ ಸಂಸ್ಕಾರಕದ ಹೆಸರನ್ನು ನೋಡುವುದು. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದಲ್ಲಿ ಚಿತ್ರಣದ ಕೆಲಸವನ್ನು ಮುಖ್ಯ ಸಂಸ್ಕಾರಕವೇ ಮಾಡುತ್ತಿದೆ ಎಂದರ್ಥ. ಚಾಲಕ ತಂತ್ರಾಂಶವನ್ನು ಸರಿಪಡಿಸುವವರೆಗೆ ಮುಂದುವರಿಯಬಾರದು.

• ಅಳವಡಿಸಿದ ವ್ಯವಸ್ಥೆಯಲ್ಲಿ ಪ್ರಯೋಗಕ್ಕೆಂದೇ ಹೊಸ ಬಳಕೆದಾರ ಖಾತೆಯನ್ನು ತೆರೆಯುವುದು. ಡೆಸ್ಕ್‌ಟಾಪ್ ಆಯ್ಕೆಗಳು ಆಯಾ ಬಳಕೆದಾರರ ಕಡತಕೋಶದಲ್ಲಿ ಉಳಿಯುವುದರಿಂದ ದಿನನಿತ್ಯದ ಖಾತೆ ಬಾಧಿತವಾಗುವುದಿಲ್ಲ.

• ಒಂದು ಬಾರಿಗೆ ಒಂದೇ ಪರಿಣಾಮವನ್ನು ಚಾಲನೆಗೊಳಿಸುವುದು. ಆಗ ದೋಷ ಯಾವುದರದ್ದೆಂದು ತಿಳಿಯುವುದು ಸುಲಭ.

5. ತೊಂದರೆ ಕಂಡುಬಂದಲ್ಲಿ

ಕಾಂಪಿಜ್‌ನಲ್ಲಿ ಕಿಟಕಿಗಳ ಶೀರ್ಷಿಕೆ ಪಟ್ಟಿ ಕಾಣೆಯಾಗುವುದು ಸಾಮಾನ್ಯ ದೂರು. ಶೀರ್ಷಿಕೆ ಪಟ್ಟಿಯನ್ನು ಚಿತ್ರಿಸಲು ಡೆಕೋರೇಟರ್ ಎಂಬ ಪ್ರತ್ಯೇಕ ತಂತ್ರಾಂಶವಿದ್ದು, ಅದು ನಿಂತಾಗ ಹೀಗಾಗುತ್ತದೆ. ಕಡತಗಳಿಗೆ ಹಾನಿಯಾಗಿರುವುದಿಲ್ಲ. ಮಾಟೆಯಲ್ಲಿ ಮಾರ್ಕೋ ಎಂಬ ಮೂಲ ಕಿಟಕಿ ನಿರ್ವಾಹಕವನ್ನು ರಿಪ್ಲೇಸ್ ಆಯ್ಕೆಯೊಂದಿಗೆ ಚಾಲನೆಗೊಳಿಸಿದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.

ತೆರೆ ಪೂರ್ಣವಾಗಿ ಸ್ತಬ್ಧಗೊಂಡಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅಕ್ಷರಗಳ ತೆರೆ ದೊರೆಯುತ್ತದೆ. ಅಲ್ಲಿ ಗುಪ್ತಪದ ನೀಡಿ ಒಳಬಂದು ಯಂತ್ರವನ್ನು ಕ್ರಮಬದ್ಧವಾಗಿ ಮರುಚಾಲನೆ ಮಾಡಿ, ದಿನನಿತ್ಯದ ಖಾತೆಗೆ ಪ್ರವೇಶಿಸುವುದು.

6. ಯಾವುದನ್ನು ಉಳಿಸಿಕೊಳ್ಳಬೇಕು?

ಅಲುಗುವ ಕಿಟಕಿ, ಘನಾಕೃತಿ ಮುಂತಾದವು ಮನರಂಜನೆಗೆ ಸಂಬಂಧಿಸಿದವು. ಲ್ಯಾಪ್‌ಟಾಪ್ ಬಳಸುವವರು ಇವು ಬ್ಯಾಟರಿಯನ್ನು ಬಳಸುತ್ತವೆ ಎಂಬುದನ್ನು ಗಮನದಲ್ಲಿಡತಕ್ಕದ್ದು. ಚಲನೆಯಿಂದ ತಲೆಸುತ್ತು ಬರುವವರು ಇವುಗಳನ್ನು ನಿಲ್ಲಿಸುವುದು ಒಳಿತು.

ಇದಕ್ಕೆ ಭಿನ್ನವಾಗಿ, ಅದೇ ತಂತ್ರದಿಂದ ದೊರೆಯುವ ಹಿಗ್ಗಿಸುವ ಸೌಲಭ್ಯ ಮತ್ತು ಬಣ್ಣಗಳನ್ನು ತಿರುವುಮುರುವು ಮಾಡುವ ಸೌಲಭ್ಯವು ದೃಷ್ಟಿ ಮಂದವಾಗಿರುವವರಿಗೆ ಹಾಗೂ ಹಿರಿಯ ನಾಗರಿಕರಿಗೆ ನಿತ್ಯೋಪಯೋಗಿ. ತಂತ್ರಾಂಶದಲ್ಲಿ ಅಕ್ಷರದ ಗಾತ್ರ ಬದಲಿಸುವ ಅವಕಾಶವಿಲ್ಲದಿದ್ದರೂ ಕಾಂಪೋಸಿಟರ್ ಇಡೀ ತೆರೆಯನ್ನೇ ಹಿಗ್ಗಿಸಿ ತೋರಿಸುತ್ತದೆ. ಪ್ಲಾಸ್ಮಾದಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯೊಂದಿಗೆ ಅಧಿಕ ಚಿಹ್ನೆಯನ್ನು ಒತ್ತಿದರೆ ತೆರೆ ಹಿಗ್ಗುತ್ತದೆ, ಋಣ ಚಿಹ್ನೆಯನ್ನು ಒತ್ತಿದರೆ ಕುಗ್ಗುತ್ತದೆ, ಸೊನ್ನೆಯನ್ನು ಒತ್ತಿದರೆ ಮೂಲ ಗಾತ್ರಕ್ಕೆ ಮರಳುತ್ತದೆ. ಕಾಂಪಿಜ್‌ನಲ್ಲಿ ಹಿಗ್ಗಿಸುವ ಪ್ಲಗ್‌ಇನ್ ಚಾಲನೆಯಲ್ಲಿದ್ದಾಗ ಅದೇ ಕೀಲಿಯನ್ನು ಒತ್ತಿಹಿಡಿದು ಮೌಸ್‌ನ ಗಾಲಿಯನ್ನು ತಿರುಗಿಸುವುದು.

ವಿಶೇಷ ಸೂಚನೆ: ಮನೆಯ ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದಲ್ಲಿ, ಹಿಗ್ಗಿಸುವ ಸೌಲಭ್ಯವನ್ನು ಅಗತ್ಯವಿರುವವರ ಖಾತೆಯಲ್ಲಿ ಪ್ರತ್ಯೇಕವಾಗಿ ಚಾಲನೆಗೊಳಿಸಿ, ಕೀಲಿಗಳ ವಿವರವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಯಂತ್ರದ ಬಳಿ ಇಡುವುದು.